ಹೊಸಿಲ ಒಳಗಿನ ಮಾತು

ನನಗೆ ಎಷ್ಟು ಭಾಷೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ಈಗಲೂ ಮೈಯುರಿಯುತ್ತದೆ. ಕೇಳುವವರು ಮೆಚ್ಚುಗೆಯಿಂದಲೇ ಕೇಳುತ್ತಾರೆ, ಅದು ನನಗೆ ಗೊತ್ತು. ಭಾಷೆ ಬರುವುದೆಂದರೆ ಮೈಮೇಲೆ ಒಡವೆ ಇದ್ದ ಹಾಗೆ ಎಂದು ಅವರ ಎಣಿಕೆ. ನನಗೆ ಅದು ಬೀದಿ ನಲ್ಲಿಯಿಂದ ಊರವರ ಮನೆಗೆಲ್ಲ ನೀರು ಹೊತ್ತು ಹಾಕಿದ ಹಾಗಿತ್ತು. ಕೊಡ ನನ್ನದು, ಸೊಂಟ ನನ್ನದು, ನೀರು ಮಾತ್ರ ಯಾರದೋ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ಹೆಂಗಸರ ಧರ್ಮಾಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದೆ. ಈಗ ಶಿವಾಜಿನಗರ ಎನ್ನುತ್ತಾರಲ್ಲ, ಆಗ ಅದು ನಮ್ಮ ಬಾಯಲ್ಲಿ ಬ್ಲಾಕ್‌ಪಲ್ಲಿ, ಅಲ್ಲಿ. ನಾನು ನರ್ಸೂ ಅಲ್ಲ, ಆಯಾ ಕೂಡ ಅಲ್ಲ. ದೊಡ್ಡ ಡಾಕ್ಟರಮ್ಮನ ಮೇಜಿನ ಪಕ್ಕ ಒಂದು ಮುಕ್ಕಾಲಿ ಹಾಕಿದ್ದರು, ಅದರ ಮೇಲೆ ಕೂತು ಅತ್ತಲ ಮಾತನ್ನು ಇತ್ತ, ಇತ್ತಲ ಮಾತನ್ನು ಅತ್ತ ದಾಟಿಸುವುದು ನನ್ನ ಕೆಲಸ. ಡಾಕ್ಟರಮ್ಮ ಕಡಲಾಚೆಯಿಂದ ಬಂದವರು. ಅವರಿಗೆ ಇಂಗ್ಲಿಷ್ ಬಿಟ್ಟರೆ ‘ಜಲ್ದಿ’, ‘ಬಸ್’, ‘ಗರಮ್ ಪಾನಿ’ ಇಷ್ಟೇ ಬರುತ್ತಿದ್ದದ್ದು. ಬರುವ ಹೆಂಗಸರಲ್ಲಿ ಒಬ್ಬಳು ‘ವಯಿರು ವಲಿಕ್ಕುದು’ ಎನ್ನುವಳು, ಇನ್ನೊಬ್ಬಳು ‘ಪೇಟ್ ದುಖ್ರಾ’ ಎನ್ನುವಳು, ಮತ್ತೊಬ್ಬಳು ‘ಕಡುಪು ನೊಪ್ಪಿ’ ಎನ್ನುವಳು. ಎಲ್ಲರಿಗೂ ಹೊಟ್ಟೆನೋವೇ. ದೊಮ್ಮಲೂರಿನ ಕಡೆಯ ಕನ್ನಡದ ಹೆಂಗಸರಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ‘ಹೊಟ್ಟೆ ಕಿವುಚಿದಂಗೆ ಆಗುತ್ತೆ ಕಣಕ್ಕ’, ‘ಎದೆ ಝಲ್ಲಂತದೆ’, ‘ಜೀವಕ್ಕೆ ಒಗ್ತಾ ಇಲ್ಲ’ ಎಂದೆಲ್ಲ ಹೇಳಿಕೊಂಡು ನನ್ನ ಕೈ ಹಿಡಿದುಕೊಳ್ಳುವರು. ನಾನು ಡಾಕ್ಟರಮ್ಮನ ಕಡೆ ತಿರುಗಿ ‘ಪೇನ್’ ಎನ್ನುತ್ತಿದ್ದೆ. ಅಷ್ಟು ಹೊತ್ತು ಅವಳು ಹೇಳಿಕೊಂಡದ್ದು ಒಂದು ಮಾತಿನಲ್ಲಿ ಮುಗಿಯಿತೇ ಎಂದು ಆ ಹೆಂಗಸು ನನ್ನನ್ನೇ ಅನುಮಾನದಿಂದ ನೋಡುವಳು.

ಸಂಜೆಯ ಹೊತ್ತಿಗೆ ನನಗೆ ಯಾರ ಮಾತೂ ಬೇಡವಾಗುತ್ತಿತ್ತು. ಒಬ್ಬಳ ಗಂಡನ ಬೈಗುಳ, ಇನ್ನೊಬ್ಬಳ ಸತ್ತ ಮಗು, ಮತ್ತೊಬ್ಬಳಿಗೆ ಡಾಕ್ಟರಮ್ಮ ಹೇಳಿದ ಕೆಟ್ಟ ಸುದ್ದಿ, ಎಲ್ಲವೂ ನನ್ನ ಬಾಯಿಂದಲೇ ಹೊರಡಬೇಕು. ಕೆಟ್ಟ ಸುದ್ದಿ ಕೇಳಿದವಳು ಡಾಕ್ಟರಮ್ಮನ ಮೇಲೆ ಸಿಟ್ಟಾಗುತ್ತಿರಲಿಲ್ಲ, ನನ್ನ ಮೇಲೆ ಆಗುತ್ತಿದ್ದಳು. ಅವಳಿಗೆ ಗೊತ್ತಾಗುವ ಭಾಷೆಯಲ್ಲಿ ಹೇಳಿದವಳು ನಾನು ತಾನೇ. ಹಲಸೂರಿಗೆ ನಡೆದು ಮನೆ ಸೇರುವಾಗ ನಾಲಗೆ ನೆಲ ಒರೆಸಿದ ಬಟ್ಟೆಯ ಹಾಗಾಗಿರುತ್ತಿತ್ತು.

ಮನೆಯೆಂದರೆ ವಠಾರ. ಹಲಸೂರಿನ ಕೆರೆಯಿಂದ ಸ್ವಲ್ಪ ಈಚೆಗೆ, ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಸಾಲು ಮನೆಗಳು. ಅಪ್ಪ ರಿಚರ್ಡ್ಸ್ ಟೌನಿನ ಒಂದು ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ಅವರ ದೊರೆಸಾನಿಯ ಶಿಫಾರಸಿನಿಂದ ಅಕ್ಕನಿಗೂ ನನಗೂ ಮಿಷನ್ ಸ್ಕೂಲಿನಲ್ಲಿ ನಾಲ್ಕಕ್ಷರ ಇಂಗ್ಲಿಷ್ ಸಿಕ್ಕಿತು. ಉಳಿದ ಭಾಷೆಗಳನ್ನು ಯಾರೂ ಕಲಿಸಲಿಲ್ಲ, ವಠಾರದಲ್ಲಿ ಅವು ನೊಣದ ಹಾಗೆ ಬಂದು ಕೂರುತ್ತಿದ್ದವು. ಎಡಗಡೆ ತಮಿಳಿನವರು, ಬಲಗಡೆ ತೆಲುಗಿನವರು, ಎದುರಿಗೆ ಗಾಡಿ ಹೊಡೆಯುವ ಸಾಬರ ಮನೆ, ನಡುವೆ ನಮ್ಮ ಕನ್ನಡ. ನಲ್ಲಿಯ ಹತ್ತಿರ ಜಗಳ ತಮಿಳಿನಲ್ಲಿ ಶುರುವಾಗಿ ಸಾಬರ ದಖನಿಯಲ್ಲಿ ಮುಗಿಯುತ್ತಿತ್ತು. ಎಲ್ಲರಿಗೂ ಎಲ್ಲರ ಮಾತೂ ಗೊತ್ತು. ಇದನ್ನು ದೊಡ್ಡ ಭಾಗ್ಯ ಎನ್ನುವವರು ಆ ವಠಾರದಲ್ಲಿ ಒಂದು ತಿಂಗಳು ಇದ್ದು ನೋಡಬೇಕು. ಅಲ್ಲಿ ಗುಟ್ಟು ಹೇಳಿಕೊಳ್ಳಲು ಒಂದು ಭಾಷೆಯೂ ಉಳಿದಿರಲಿಲ್ಲ.

ಅದಕ್ಕೇ ಅಕ್ಕ ಮತ್ತು ನಾನು ನಮ್ಮದೇ ಒಂದು ಭಾಷೆ ಕಟ್ಟಿಕೊಂಡೆವು. ಅಕ್ಷರ ಅಕ್ಷರಕ್ಕೂ ‘ಕ’ ಸೇರಿಸಿ ಮಾತಾಡುವ ಆಟ ವಠಾರದ ಮಕ್ಕಳಿಗೆಲ್ಲ ಬರುತ್ತಿದ್ದರಿಂದ ಅದು ಪ್ರಯೋಜನಕ್ಕೆ ಬರಲಿಲ್ಲ. ನಾವು ಪದಗಳನ್ನೇ ಹುಟ್ಟಿಸಿದೆವು. ಅಕ್ಕ ಹುಟ್ಟಿಸುವಳು, ನಾನು ನೆನಪಿಟ್ಟುಕೊಳ್ಳುವೆ. ಕದ್ದು ಕೇಳುವವರಿಗೆ ‘ಡುಬ್ಬುಸಿ’. ಅಳುವುದಕ್ಕೆ ‘ಜೊಂಬ’. ಹಲಸೂರಿನ ನಮ್ಮ ಮನೆಗೆ ‘ಲಿಮ್ಮಿ’. ಎದ್ದು ಹೊರಡುವುದಕ್ಕೆ ‘ಓಸಲು’. ಚೆನ್ನಾಗಿದ್ದೀನಿ ಎಂದು ಬಾಯಿಮಾತಿಗೆ ಹೇಳುವ ಸುಳ್ಳಿಗೆ ‘ಸಬ್ಬಟೆ’. ಹೀಗೆ ಒಂದು ಸಂಸಾರಕ್ಕೆ ಸಾಕಾಗುವಷ್ಟು ಪದಗಳಾದವು. ಅಮ್ಮನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. “ಏನ್ರೇ ಅದು ಪಿಶಾಚಿ ಭಾಷೆ? ಇರೋ ಭಾಷೆಗಳೇ ಸಾಲ್ದಾ ನಿಮಗೆ?” ಎಂದು ರೇಗುವರು. ಸಾಲದು ಎಂದು ಅವರಿಗೆ ಹೇಗೆ ಹೇಳುವುದು.

ಯುದ್ಧ ಶುರುವಾಗುವ ಹೊತ್ತಿಗೆ ಅಕ್ಕನ ಮದುವೆಯಾಯಿತು. ಕೃಷ್ಣರಾಜಪುರದ ಸ್ಟೇಷನ್ನಿನಲ್ಲಿ ಇಳಿದು ಗರುಡಾಚಾರ್‌ಪಾಳ್ಯದ ದಿಕ್ಕಿಗೆ ಹೊಲದ ಬದುಗಳ ಮೇಲೆ ನಡೆದರೆ ಸಿಗುವ ಒಂದು ಹಳ್ಳಿ. ರಾಗಿ, ಹುರುಳಿ, ಬಾವಿಯ ಪಕ್ಕ ಒಂದಿಷ್ಟು ಸೊಪ್ಪು ಬೆಳೆಯುವ ಒಕ್ಕಲು ಮನೆ. ಜಾತಿ ನಮ್ಮದೇ, ಆದರೆ ಮನೆಮಾತು ತೆಲುಗು. ಆ ಕಡೆ ಹಾಗೆ ಎಷ್ಟೋ ಮನೆಗಳು. ಭಾವ ಒಳ್ಳೆಯವರು, ಹೆಚ್ಚು ಮಾತಿಲ್ಲದವರು. ಮಾವ ಇರಲಿಲ್ಲ. ಅತ್ತೆ ಇದ್ದರು.

ಅಕ್ಕನ ಅತ್ತೆ ಎತ್ತರದ ಹೆಂಗಸು. ಆ ಮನೆಗೆ ಅವರದೊಂದು ಕಟ್ಟಳೆ ಇತ್ತು. ಹೊಸಿಲ ಆಚೆ ಯಾವ ಭಾಷೆಯಾದರೂ ಸರಿ, ಹೊಸಿಲ ಈಚೆ ತೆಲುಗು ಮಾತ್ರ. ಜಗುಲಿಯ ಮೇಲೆ ಕೂತು ಅವರೇ ದಾರಿಹೋಕರ ಜೊತೆ ಸೊಗಸಾಗಿ ಕನ್ನಡದಲ್ಲಿ ಹರಟುವರು, ಸೊಪ್ಪು ಕೊಳ್ಳಲು ಬಂದವರ ಜೊತೆ ಚೌಕಾಸಿ ಮಾಡುವರು. ಎದ್ದು ಒಳಗೆ ಕಾಲಿಟ್ಟ ಕೂಡಲೆ ಕನ್ನಡ ನಿಂತುಹೋಗುತ್ತಿತ್ತು. ಕಾರಣ ಮನೆದೇವರು. ಅವರ ಅತ್ತೆಯ ಅತ್ತೆಯ ಕಾಲದಲ್ಲಿ ಆ ದೇವರನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ತೆಲುಗು ಸೀಮೆಯಿಂದ ಬಂದರಂತೆ. ದೇವರಿಗೆ ಬೇರೆ ಮಾತು ತಿಳಿಯುವುದಿಲ್ಲ, ಒಳಗೆ ಬೇರೆ ಮಾತಾಡಿದರೆ ಪರರ ಮನೆಗೆ ಬಂದೆನೇನೋ ಎಂದು ಎದ್ದು ಹೋಗಿಬಿಡುತ್ತದೆ ಎಂದು ಅವರ ನಂಬಿಕೆ.

ಮದುವೆಯಾದ ಮೇಲೆ ಮೊದಲ ಸಲ ನೋಡಲು ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಒಳಗೆ ಹೋದವಳೇ ಅಕ್ಕನ ಕೈ ಹಿಡಿದು, “ಹೆಂಗಿದ್ದೀಯಕ್ಕ? ಇಳಿದು ಹೋಗಿದ್ದೀಯಲ್ಲೇ” ಎಂದೆ. ಅತ್ತೆ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟರು.

“ಅಮ್ಮಾಯಿ, ಆ ಮಾತು ಆಚೆ,” ಎಂದರು. ಅವರು ಅಂದದ್ದು ತೆಲುಗಿನಲ್ಲಿ. ಒಳಗೆ ಅವರು ಆಡಿದ ಮಾತುಗಳನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನೋಡಿ, ದಾಟಿಸುವ ಕೆಲಸ ಇಲ್ಲೂ ತಪ್ಪಲಿಲ್ಲ.

ನನಗೆ ತೆಲುಗು ಬರದೇ ಏನಿಲ್ಲ. ಆದರೆ ವಾರವೆಲ್ಲ ಪರರ ಭಾಷೆಗಳಲ್ಲಿ ಒದ್ದಾಡಿ, ಸಿಪಾಯಿಗಳು ತುಂಬಿದ ರೈಲಿನಲ್ಲಿ ನಿಂತು ಬಂದು, ಸ್ವಂತ ಅಕ್ಕನ ಜೊತೆ ಮಾತಾಡಲೂ ಇನ್ನೊಬ್ಬರ ಭಾಷೆ ಬೇಕೆಂದರೆ ಅಳು ಬಂತು. ಅಕ್ಕ ನನ್ನ ಮುಖ ನೋಡಿದಳು. ಮೆಲ್ಲಗೆ, “ಡುಬ್ಬುಸಿ ಕೂತಿದಾಳೆ. ಜೊಂಬ ಬೇಡ,” ಎಂದಳು.

ಅತ್ತೆ ತಲೆಯೆತ್ತಿದರು. “ಇದು ಯಾವ ಭಾಷೆ?”

“ಭಾಷೆ ಅಲ್ಲ ಅತ್ತೆ, ಆಟ. ಚಿಕ್ಕವರಾಗಿದ್ದಾಗ ಆಡ್ತಿದ್ವಿ.”

“ಕನ್ನಡ ಅಲ್ವಾ?”

“ಕನ್ನಡ ಅಲ್ಲ.”

“ತಮಿಳು?”

“ಅಲ್ಲ ಅತ್ತೆ. ಯಾರದೂ ಅಲ್ಲ.”

ಅವರು ದೇವರ ಗೂಡಿನ ಕಡೆ ಒಮ್ಮೆ ನೋಡಿ ಸ್ವಲ್ಪ ಯೋಚಿಸಿದರು. ಯಾರದೂ ಅಲ್ಲದ ಭಾಷೆಯಿಂದ ದೇವರಿಗೆ ಪರರ ಮನೆ ಎನಿಸಲಾರದು ಎಂದು ತೀರ್ಮಾನಿಸಿರಬೇಕು. ಮತ್ತೆ ಮೊರ ಎತ್ತಿಕೊಂಡರು. ಅಂದಿನಿಂದ ಭಾನುವಾರದ ನಮ್ಮ ಮಾತುಕತೆಯೆಲ್ಲ ಆ ಪಿಶಾಚಿ ಭಾಷೆಯಲ್ಲೇ ನಡೆಯಿತು. ವಾಕ್ಯದ ಕೊನೆಗಳು ಕನ್ನಡದ್ದೇ ಇರುತ್ತಿದ್ದವು, ಹೊಟ್ಟೆಯೊಳಗಿನ ಪದಗಳು ಮಾತ್ರ ನಮ್ಮವು. ಅದಕ್ಕೆ ಅವರು ಆಕ್ಷೇಪಿಸಲಿಲ್ಲ. ಎದ್ದು ಹೋಗಲೂ ಇಲ್ಲ. ನಾವಿಬ್ಬರೂ ಕೂತರೆ ಅವರೂ ಅಲ್ಲೇ ಕೂತು ರಾಗಿ ಕೇರುವರು, ಇಲ್ಲವೇ ಬೀಸುವರು. ಬೀಸುವ ಕಲ್ಲಿನ ಗರಗರ ಸದ್ದಿನಲ್ಲಿ ಅಕ್ಕ ತನ್ನ ವಾರದ ಜೊಂಬವನ್ನೆಲ್ಲ ನನಗೆ ಹೇಳುವಳು. ಬಾವಿ ನೀರು ಸೇದಿ ಅಂಗೈ ಬೊಬ್ಬೆ ಬಂದದ್ದು, ಸಗಣಿ ಬಾಚಲು ಬರದೆ ಬೈಸಿಕೊಂಡದ್ದು, ಕನಸಿನಲ್ಲಿ ಕೂಡ ಕನ್ನಡ ಬಂದೀತೆಂದು ಹೆದರಿದ್ದು. ಹೇಳಿ ಮುಗಿಸಿದ ಮೇಲೆ ಅವಳ ಮುಖ ತೊಳೆದ ಹಾಗಾಗುತ್ತಿತ್ತು. ನಾನು ರೈಲು ಹತ್ತುವಾಗ ಅವೆಲ್ಲ ನನ್ನ ಎದೆಯ ಮೇಲಿರುತ್ತಿದ್ದವು.

ಭಾವ ಸೈನ್ಯದ ಲಾರಿ ಓಡಿಸಲು ಸೇರಿಕೊಂಡದ್ದು ಅದಾದ ಮೇಲೆ. ಆ ಕಾಲದಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ರಸ್ತೆಗಳಲ್ಲೆಲ್ಲ ಲಾರಿಗಳೇ, ಓಡಿಸುವವರಿಗೆ ಕರೆದು ಕೆಲಸ ಕೊಡುತ್ತಿದ್ದರು. ಒಂದಿಷ್ಟು ತಿಂಗಳು ಇಲ್ಲೇ ಇದ್ದರು, ಆಮೇಲೆ ಬರ್ಮಾದ ಕಡೆಗೆ ಕಳಿಸಿದರು. ಆ ಮನೆಯಲ್ಲಿ ಇಬ್ಬರು ಹೆಂಗಸರು ಮಾತ್ರ ಉಳಿದರು.

ಪ್ರತಿ ಸಂಜೆ ದೀಪ ಹಚ್ಚುವಾಗ ಅತ್ತೆ ದೇವರ ಮುಂದೆ ಮಗನ ಹೆಸರು ಹಿಡಿದು ಕರೆಯುವರು. ಹೆಸರು ಹೇಳಿ, ‘ಇಂಟಿಕಿ ರಾ ನಾಯ್ನಾ’ ಎನ್ನುವರು. ಮನೆಗೆ ಬಾ ಮಗನೇ ಎಂದು ಅದರ ಅರ್ಥ. ಅಕ್ಕ ಪಕ್ಕದಲ್ಲಿ ಕೈ ಮುಗಿದು ನಿಂತಿರುವಳು. ಅವಳು ಕರೆಯುವ ಹಾಗಿಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದಲ್ಲ. “ಅವರು ಕರೆದಾಗ ನಾನೂ ಒಳಗೊಳಗೇ ಅವರ ಬಾಯಲ್ಲೇ ಕರ್ಕೋತೀನಿ,” ಎಂದು ಒಮ್ಮೆ ನನಗೆ ಹೇಳಿದ್ದಳು.

ಯುದ್ಧ ಮುಗಿಯಿತು. ದಂಡಿನ ಸ್ಟೇಷನ್ನಿನಲ್ಲಿ ಇಳಿದವರು ಇಳಿದರು, ಅಪ್ಪಿಕೊಂಡು ಅತ್ತವರು ಅತ್ತರು. ಭಾವ ಬರಲಿಲ್ಲ. ವಿಚಾರಿಸಿದಾಗ ಸೈನ್ಯದವರು ಪತ್ತೆಯಿಲ್ಲ ಎಂದರು. ಸತ್ತರೆಂದೂ ಹೇಳಲಿಲ್ಲ, ಇದ್ದಾರೆಂದೂ ಹೇಳಲಿಲ್ಲ. ಆ ಕಚೇರಿಗೆ ಅಕ್ಕನನ್ನೂ ಅತ್ತೆಯನ್ನೂ ಕರೆದುಕೊಂಡು ಹೋದವಳು ನಾನೇ, ಸಾಹೇಬನ ಇಂಗ್ಲಿಷನ್ನು ಅವರಿಗೆ ತೆಲುಗಿನಲ್ಲಿ ಹೇಳಿದವಳೂ ನಾನೇ. ಹೊರಗೆ ಬಂದ ಮೇಲೆ ಅತ್ತೆ ಒಂದೇ ಮಾತು ಕೇಳಿದರು, “ನೀನು ಸರಿಯಾಗಿ ಹೇಳಿದೆಯಾ ಅಮ್ಮಾಯಿ?” ಹೇಳಿದ್ದೆ. ತಪ್ಪಾಗಿ ಹೇಳಿರಬಾರದಿತ್ತೇ ಎಂದು ಅವರ ಕಣ್ಣು ಕೇಳುತ್ತಿತ್ತು.

ಅಲ್ಲಿಂದ ಅಮ್ಮನ ಕಾಟ ಶುರುವಾಯಿತು. “ಎಷ್ಟು ದಿನ ಅಂತ ಆ ಹಳ್ಳೀಲಿ ಕೂತಿರ್ತಾಳೆ? ಮಕ್ಕಳಿಲ್ಲ ಮರಿಯಿಲ್ಲ. ಆ ಮುದುಕಿಗೆ ಕೂಲಿ ಇಲ್ಲದ ಆಳು ಆಗಿದಾಳೆ ನನ್ ಮಗಳು. ಹೋಗಿ ಕರ್ಕೊಂಡು ಬಂದ್ಬಿಡೇ.” ಅಪ್ಪ ತೀರಿಕೊಂಡಿದ್ದರು, ಅಮ್ಮ ನನ್ನೊಬ್ಬಳನ್ನೇ ನೋಡಿಕೊಂಡು ದಿನ ದೂಡುತ್ತಿದ್ದರು. ಅಕ್ಕ ಮನೆಗೆ ಬಂದರೆ ತಾನು ಸತ್ತರೂ ಚಿಂತೆಯಿಲ್ಲ ಎನ್ನುವರು. ಅಕ್ಕ ಬರುತ್ತಾಳೋ ಇಲ್ಲವೋ ಎನ್ನುವುದೊಂದೇ ನಮ್ಮ ಮನೆಯ ಮಾತಾಯಿತು.

ಭಾನುವಾರ ಬಂತೆಂದರೆ ನಾನು ಆ ಪ್ರಶ್ನೆಯನ್ನು ಹೊತ್ತುಕೊಂಡು ಹೋಗುತ್ತಿದ್ದೆ. ಅತ್ತೆಯ ಎದುರಿಗೇ ಕೇಳುತ್ತಿದ್ದೆ, ಏಕೆಂದರೆ ಅವರು ನಮ್ಮನ್ನು ಬಿಟ್ಟು ಏಳುತ್ತಲೇ ಇರಲಿಲ್ಲ.

“ಲಿಮ್ಮಿಗೆ ಓಸಲು ಯಾವಾಗ?”

“ಈಗ ಬೇಡ.”

“ಮತ್ತೆ ಯಾವಾಗ?”

“ಡುಬ್ಬುಸಿ ಒಬ್ಬಳೇ ಆಗ್ತಾಳೆ ಕಣೇ.”

“ಆಗ್ಲಿ. ಅವಳಿಗೆ ಅವಳ ದೇವರಿದಾನೆ, ಅವಳ ಭಾಷೆ ಇದೆ. ನಿನಗೇನಿದೆ ಇಲ್ಲಿ?”

ಇದಕ್ಕಿಂತ ಒರಟಾಗಿಯೂ ಆಡಿದ್ದೇನೆ. ಮೂಳೆಗೆ ಅಂಟಿದ ಮುಖ ಎಂದಿದ್ದೇನೆ, ನಿನ್ನನ್ನು ಗಾಣದ ಎತ್ತು ಮಾಡಿಕೊಂಡಿದ್ದಾಳೆ ಎಂದಿದ್ದೇನೆ, ಅವುಗಳಿಗೆಲ್ಲ ನಮ್ಮಲ್ಲಿ ಪದಗಳಿದ್ದವು. ಅದೆಲ್ಲ ತಪ್ಪಾಯಿತೆಂದು ಈಗ ಗಲ್ಲ ಬಡಿದುಕೊಳ್ಳುವುದಿಲ್ಲ. ಸುಸ್ತಾದವರು ಆಡುವ ಮಾತು ಹಾಗೇ ಇರುತ್ತದೆ. ಅಕ್ಕ ನಗುತ್ತಿದ್ದಳು, ಅಪರೂಪಕ್ಕೆ. ಅವಳು ನಕ್ಕರೆ ಅತ್ತೆ ಬೀಸುವುದನ್ನು ಒಂದು ಕ್ಷಣ ನಿಲ್ಲಿಸಿ ಮತ್ತೆ ಮುಂದುವರಿಸುತ್ತಿದ್ದರು. ಯಾರದೋ ನಗು ಕೇಳಿದ ಮುದುಕಿಯ ಕುತೂಹಲ ಎಂದುಕೊಂಡಿದ್ದೆ.

ಒಂದು ಭಾನುವಾರ, ಸುಗ್ಗಿ ಮುಗಿದ ಕಾಲ, ನಾನು ಹೋದಾಗ ಅಕ್ಕ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಒಲೆ ಆರಿತ್ತು. ಅತ್ತೆ ಎಂದಿನಂತೆ ಬೀಸುವ ಕಲ್ಲಿನ ಮುಂದೆ. ಏನಾಯಿತು ಎಂದು ಕೇಳಿದೆ. ಏನಿಲ್ಲ, ಚೆನ್ನಾಗಿದ್ದೀನಿ ಎಂದಳು.

“ಸಬ್ಬಟೆ,” ಎಂದೆ.

ಆಗ ಹೇಳಿದಳು. ಒಂದು ವಾರದಿಂದ ಅತ್ತೆ ದೀಪ ಹಚ್ಚುವಾಗ ಮಗನ ಹೆಸರು ಹೇಳುತ್ತಿಲ್ಲವಂತೆ. ದೀಪ ಹಚ್ಚುತ್ತಾರೆ, ಕೈ ಮುಗಿಯುತ್ತಾರೆ, ಹಾಗೇ ತಿರುಗಿ ಬಂದುಬಿಡುತ್ತಾರೆ. ಮೊದಲ ದಿನ ಮರೆತರೇನೋ ಎಂದುಕೊಂಡಳಂತೆ. ಎರಡನೇ ದಿನ ಗೊತ್ತಾಯಿತಂತೆ. “ಅವರು ಕರೆಯೋದು ಬಿಟ್ಬಿಟ್ರು ಕಣೇ. ಇನ್ನು ಯಾರು ಕರೀತಾರೆ? ನಾನಂತೂ ಹೆಸರು ಹಿಡಿಯೋ ಹಾಗಿಲ್ಲ. ಜೊಂಬ ಕೂಡ ಬರ್ತಾ ಇಲ್ಲ ನನಗೆ.” ನಮ್ಮ ಪದಗಳು, ಕನ್ನಡದ ಪದಗಳು, ತೆಲುಗಿನ ಪದಗಳು ಎಲ್ಲ ಕಲಸಿಕೊಂಡು ಬರುತ್ತಿದ್ದವು. ಹೊಸಿಲ ಕಟ್ಟಳೆ ಅವಳಿಗೆ ಮರೆತೇ ಹೋಗಿತ್ತು.

ನನಗೆ ಸಾಕಾಗಿ ಹೋಯಿತು. ಆ ಆರಿದ ಒಲೆ, ಆ ಗರಗರ ಸದ್ದು, ಅಕ್ಕನ ಒಣಗಿದ ಕಣ್ಣು. ಅವಳ ರಟ್ಟೆ ಹಿಡಿದೆ. “ಓಸಲು. ಇವತ್ತೇ. ಎದ್ದೇಳು,” ಎಂದೆ.

“ಡುಬ್ಬುಸಿ…” ಎಂದು ಅಕ್ಕ ಶುರುಮಾಡಿದಳು.

ಬೀಸುವ ಕಲ್ಲು ನಿಂತಿತು. ಅತ್ತೆ ನಮ್ಮ ಕಡೆ ತಿರುಗಲಿಲ್ಲ. ಕಲ್ಲಿನ ಸುತ್ತ ಬಿದ್ದಿದ್ದ ಹಿಟ್ಟನ್ನು ಅಂಗೈಯಿಂದ ಒತ್ತಟ್ಟಿಗೆ ಸರಿಸುತ್ತ, ಆಟ ಕಲಿಯುವ ಮಗುವಿನಷ್ಟು ನಿಧಾನವಾಗಿ ಹೇಳಿದರು:

“ಡುಬ್ಬುಸಿ ಇರ್ತಾಳೆ. ನೀನು ಲಿಮ್ಮಿಗೆ ಓಸಲು.”

ಹಿಡಿದಿದ್ದ ಅಕ್ಕನ ರಟ್ಟೆಯನ್ನು ಬಿಟ್ಟೆ. ಅಷ್ಟು ವರ್ಷ ಆ ಹೆಂಗಸಿನ ಎದುರಿಗೆ ಕೂತು ನಾವು ಏನೇನು ಅಂದಿದ್ದೆವು ಎಂದು ಒಂದೊಂದೇ ನೆನಪಾಗತೊಡಗಿತು.

ಅಕ್ಕ ಅವರ ಕಡೆ ತಿರುಗಿದಳು. “ಅತ್ತೆ, ನಿಮಗೆ… ಯಾವಾಗಿಂದ?”

“ನೀನು ಬಂದ ಮಾರನೇ ವರ್ಷದ ರಾಗಿ ಬೀಸೋ ಹೊತ್ತಿಗೆ ಅಷ್ಟಿಷ್ಟು ತಿಳೀತಿತ್ತು,” ಎಂದರು ತೆಲುಗಿನಲ್ಲಿ. “ಬೀಸುವಾಗ ಕೈಗೆ ಕೆಲಸ, ಕಿವಿಗೇನು ಕೆಲಸ? ನೀನು ಅಳೋ ಮುಂಚೆ ಒಂದು ಮಾತು ಹೇಳ್ತಿದ್ದೆ, ಅದು ಅಳು ಅಂತ ತಿಳ್ಕೊಂಡೆ. ನನ್ನ ಕಡೆ ನೋಡಿ ಒಂದು ಮಾತು ಹೇಳ್ತಿದ್ದೆ, ಅದು ನಾನು ಅಂತ ತಿಳ್ಕೊಂಡೆ.”

“ಒಂದು ಸಲವಾದರೂ ಹೇಳಬಾರದಿತ್ತಾ?” ಎಂದೆ ನಾನು. ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು ನನಗೆ.

ಆಗ ಅವರು ತಿರುಗಿ ನೋಡಿದರು. “ಹೇಳಿದ್ರೆ ಇವಳು ಬಾಯಿ ಮುಚ್ಕೊಂಡು ಬಿಡ್ತಿದ್ಲು. ಆಮೇಲೆ ಅಳೋದಕ್ಕೆ ಎಲ್ಲಿಗೆ ಹೋಗ್ಬೇಕಿತ್ತು ಅಮ್ಮಾಯಿ? ನಾನು ಈ ಮನೆಗೆ ಬಂದಾಗ ನನಗೆ ತೆಲುಗು ಬರ್ತಿರಲಿಲ್ಲ. ನನ್ನ ಅತ್ತೆ ಹೊಸಿಲಾಚೆಗೆ ನನ್ನ ಮಾತನ್ನೆಲ್ಲ ಬಿಡಿಸಿ ಒಳಗೆ ಕರ್ಕೊಂಡ್ರು. ನನಗೆ ಯಾವ ತಂಗಿಯೂ ಬರ್ತಿರಲಿಲ್ಲ ಭಾನುವಾರ.”

ಅವರ ತವರಿನ ಮಾತು ಯಾವುದು ಎಂದು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ. ಜಗುಲಿಯ ಮೇಲಿನ ಆ ಸೊಗಸಾದ ಕನ್ನಡ ಎಲ್ಲಿಂದ ಬಂತೆಂದು ನನಗೆ ಹೊಳೆದಿರಲೂ ಇಲ್ಲ. ಅಕ್ಕ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತಳು. ಬಾರದೆ ನಿಂತಿದ್ದ ಜೊಂಬ ಆಗ ಬಂತು, ಇಬ್ಬರಿಗೂ. ನಾನು ಹೊರಗೆ ಬಂದು ಜಗುಲಿಯ ಮೇಲೆ ಕೂತೆ.

ಅಂದು ಮಧ್ಯಾಹ್ನದ ರೈಲಿಗೆ ಅಕ್ಕ ನನ್ನ ಜೊತೆ ಹೊರಟಳು. ಅವಳಾಗಿ ಹೊರಟದ್ದಲ್ಲ, ಅತ್ತೆಯೇ ಬಟ್ಟೆಗಂಟು ಕಟ್ಟಿಕೊಟ್ಟು ಹೊರಡಿಸಿದರು. ಕರೆಯುವುದನ್ನು ಬಿಟ್ಟದ್ದೇಕೆಂದು ಅಕ್ಕ ಕೇಳಿದಳಂತೆ. “ಕರೀತಾ ಇದ್ರೆ ನೀನು ಕಾಯ್ತಾ ಇರ್ತೀಯ. ನನಗೆ ವಯಸ್ಸಾಯ್ತು, ಕಾಯೋದು ಬಿಟ್ರೆ ಬೇರೆ ಕೆಲಸ ಇಲ್ಲ. ನಿನಗೆ ಹಾಗಲ್ಲ,” ಎಂದರಂತೆ. ಹೊಸಿಲು ದಾಟಿ ಜಗುಲಿಯವರೆಗೆ ಬಂದು, ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಹುಷಾರಾಗಿ ಕರ್ಕೊಂಡು ಹೋಗವ್ವ. ಸ್ಟೇಷನ್ ಹತ್ರ ಹಳ್ಳ ಐತೆ,” ಎಂದರು. ನಾನು ತಲೆಯಾಡಿಸಿದೆ, ಮುಖ ನೋಡಲಾಗಲಿಲ್ಲ.

ಅಮ್ಮನ ಸಂಭ್ರಮ ಹೇಳತೀರದು. ವಠಾರದವರೆಲ್ಲ ಬಂದರು, ನಾಲ್ಕು ಭಾಷೆಗಳಲ್ಲಿ ಅಯ್ಯೋ ಪಾಪ ಎಂದರು, ನಾಲ್ಕು ಭಾಷೆಗಳಲ್ಲಿ ಒಳ್ಳೆಯದಾಯಿತು ಎಂದರು. ಅಕ್ಕ ಎಲ್ಲರಿಗೂ ತೆಲುಗಿನಲ್ಲೇ ಉತ್ತರ ಕೊಡುತ್ತಿದ್ದಳು, ಅಮ್ಮನಿಗೂ. ಹಾಗೆ ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯುತ್ತಿರಲಿಲ್ಲ. “ಏನಾಯ್ತೇ ಇವಳಿಗೆ, ತಾಯಿ ಹತ್ರ ತೆಲುಗು ಮಾತಾಡ್ತಾಳಲ್ಲ,” ಎಂದು ಅಮ್ಮ ನನ್ನ ಹತ್ತಿರ ಗೋಳಾಡಿದರು. ಸರಿಹೋಗುತ್ತೆ ಬಿಡಮ್ಮ ಎಂದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದೆ ಒಂದು ಹೊಲಿಗೆ ಅಂಗಡಿಯಲ್ಲಿ ಕಾಜ ಹಾಕುವ ಕೆಲಸ ಸಿಕ್ಕಿತು ಅವಳಿಗೆ. ನಿಧಾನವಾಗಿ ಕನ್ನಡವೂ ವಾಪಸು ಬಂತು. ನಾನು ನನ್ನ ಮುಕ್ಕಾಲಿಯ ಮೇಲೆ ಕೂತು ಪೇನ್ ಪೇನ್ ಎನ್ನುತ್ತಲೇ ಇದ್ದೆ.

ಆದರೆ ಅಕ್ಕ ಭಾನುವಾರವನ್ನು ಬಿಡಲಿಲ್ಲ. ಮೊದಲು ನಾನು ಅವಳನ್ನು ನೋಡಲು ಹೋಗುತ್ತಿದ್ದೆ, ಈಗ ಅವಳು ಅತ್ತೆಯನ್ನು ನೋಡಲು ಹೊರಡುವಳು. ಹೊಲವನ್ನು ಪಾಲಿಗೆ ಕೊಟ್ಟು ಅವರು ಒಬ್ಬರೇ ಇದ್ದರು. ಹಲಸೂರಿಗೆ ಬನ್ನಿ ಎಂದು ಅಕ್ಕ ಎಷ್ಟು ಕರೆದರೂ, ದೇವರಿಗೆ ವಠಾರದ ಗಲಾಟೆ ತಿಳಿಯುವುದಿಲ್ಲ ಎಂದು ಬರಲಿಲ್ಲ. ಅಮ್ಮನಿಗೆ ಇದು ಹಿಡಿಸಲಿಲ್ಲ. ಅಲ್ಲಿ ಏನು ನಡೆಯುತ್ತದೆ, ಮುದುಕಿ ಮತ್ತೆ ಮಗಳನ್ನು ಎಳೆದುಕೊಂಡಾಳೇನೋ ನೋಡಿಕೊಂಡು ಬಾ ಎಂದು ಒಂದು ಭಾನುವಾರ ನನ್ನನ್ನೂ ಹಿಂದೆ ಅಟ್ಟಿದರು.

ಹೋದೆ. ಒಳಗೆ ಕಾಲಿಡುವ ಮನಸ್ಸಾಗಲಿಲ್ಲ, ಜಗುಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ. ಒಳಗಿನಿಂದ ಬೀಸುವ ಕಲ್ಲಿನ ಸದ್ದು, ಇಬ್ಬರ ಮಾತು. ನಮ್ಮ ಭಾಷೆಯೇ. ಅತ್ತೆ ತಡವರಿಸಿಕೊಂಡು ಆಡುತ್ತಿದ್ದರು, ಅಕ್ಕ ತಿದ್ದುತ್ತಿದ್ದಳು. ‘ಸಬ್ಬಟೆ’ ಎಂದು ಒಬ್ಬರು ಇನ್ನೊಬ್ಬರನ್ನು ಹಿಡಿದು ಹಾಕಿ ನಕ್ಕರು. ಈಗ ಹೊರಗೆ ಕೂತು ಕೇಳುವ ಡುಬ್ಬುಸಿ ನಾನು ಎಂದು ನನಗೂ ಸಣ್ಣಗೆ ನಗು ಬಂತು.

ಹೊತ್ತು ಮುಳುಗುವಾಗ ಕಲ್ಲು ನಿಂತಿತು. ದೀಪ ಹಚ್ಚುತ್ತಿದ್ದಾರೆಂದು ಎಣ್ಣೆಯ ವಾಸನೆಯಿಂದ ಗೊತ್ತಾಯಿತು. ಆಮೇಲೆ ಅತ್ತೆ ಒಂದು ಪದ ಹೇಳಿದರು. ನಾನು ಕೇಳಿರದ ಪದ. ಅದು ತೆಲುಗಲ್ಲ, ಕನ್ನಡವಲ್ಲ, ತಮಿಳಲ್ಲ, ದಖನಿಯಲ್ಲ, ನಾವಿಬ್ಬರು ಚಿಕ್ಕವರಾಗಿದ್ದಾಗ ಹುಟ್ಟಿಸಿದ್ದೂ ಅಲ್ಲ. ಅತ್ತೆ ಹೇಳಿದ ಕೂಡಲೆ ಅಕ್ಕನೂ ಅದನ್ನೇ ಹೇಳಿದಳು, ಗಟ್ಟಿಯಾಗಿ, ಮೊದಲ ಸಲ ಬಾಯಿಬಿಟ್ಟು ಹೇಳುವವಳ ದನಿಯಲ್ಲಿ. ಅದರ ಹಿಂದೆ ಇಬ್ಬರೂ ಒಟ್ಟಿಗೆ, “ಇಂಟಿಕಿ ರಾ.”

ಹೆಸರು ಹಿಡಿದು ಕರೆಯಲಾರದ ಹೆಂಡತಿಗೂ, ಹೆಸರು ಕರೆಯುವುದನ್ನು ಬಿಟ್ಟಿದ್ದ ತಾಯಿಗೂ ಸೇರಿ ಭಾವನನ್ನು ಕರೆಯಲು ಒಂದು ಪದ ಸಿಕ್ಕಿತ್ತು.

ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ, ನನಗೆ ಬರೆಯುವ ಹಕ್ಕಿಲ್ಲ. ಅಕ್ಕ ಹೊರಗೆ ಬಂದು ಕಣ್ಣೊರೆಸಿಕೊಂಡು, “ಹೋಗೋಣ್ವಾ?” ಎಂದಳು. ಹೋಗೋಣ ಎಂದೆ. ದಾರಿಯುದ್ದಕ್ಕೂ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಮನೆ ಸೇರಿದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಅಕ್ಕ ಕಾಲು ತೊಳೆಯಲು ನಲ್ಲಿಯ ಕಡೆ ಹೋದ ಕೂಡಲೆ ನನ್ನ ತೋಳು ಹಿಡಿದು, “ಏನಂತೆ? ಏನ್ ಮಾತಾಡ್ಕೊಂಡ್ರು ಅತ್ತೆ ಸೊಸೆ? ಹೇಳೇ,” ಎಂದರು.

“ಗೊತ್ತಾಗ್ಲಿಲ್ಲಮ್ಮ,” ಎಂದೆ. “ಅದು ಅವರಿಬ್ಬರ ಭಾಷೆ.”

ಒಳಗೆ ಹೋಗಿ ಚಾಪೆ ಬಿಡಿಸಿ ಮಲಗಿದೆ. ಎಷ್ಟೋ ವರ್ಷಗಳ ಮೇಲೆ ಒಂದು ಮಾತನ್ನು ಎಲ್ಲಿಗೂ ದಾಟಿಸದೆ, ಅದು ಇದ್ದಲ್ಲೇ ಬಿಟ್ಟು ಬಂದಿದ್ದೆ.